ಅಕ್ಕನ ಸಂಬಳದ ಪತ್ರ

ದಂತವೈದ್ಯರು ಕಳಿಸುವ ಅಚ್ಚು ನೋಡಿ ಹಲ್ಲಿನ ಸೆಟ್ ಮಾಡಿಕೊಡುವ ಲ್ಯಾಬಿನಲ್ಲಿ ಅವಳಿಗೆ ಹದಿನಾಲ್ಕು ವರ್ಷದ ಕೆಲಸ. ಓಣಿಯವರ ಬಾಯಲ್ಲಿ ಅವಳು ಹಲ್ಲಕ್ಕ. ಗುಲಾಬಿ ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸಿ, ಕೂದಲೆಳೆಯಷ್ಟು ಅತ್ತಿತ್ತ ಆದರೂ ಕಿತ್ತು ಮತ್ತೆ ಕೂರಿಸುವ ಜಾಯಮಾನ ಅವಳದು. ಆ ತಿಂಗಳು ಮಾತ್ರ ಕೈ ಹಲ್ಲಿನ ಮೇಲಿದ್ದರೂ ಮನಸ್ಸು ತಂಗಿಯ ಮೇಲಿತ್ತು.

ಹತ್ತು ವರ್ಷ ಚಿಕ್ಕವಳಾದ ಪುಟ್ಟಿಗೆ ವಿದೇಶದ ವಿಶ್ವವಿದ್ಯಾಲಯವೊಂದರಲ್ಲಿ ಸೀಟು ಸಿಕ್ಕಿತ್ತು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅಪ್ಪ ಸುದ್ದಿಯನ್ನು ಓಣಿ ತುಂಬ ಸಾರಿಕೊಂಡು ಬಂದರು. ಹಲ್ಲಕ್ಕ "ಒಳ್ಳೇದಾಯ್ತು" ಎಂದು ಪಾತ್ರೆ ತೊಳೆಯಲು ಹೋದಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು.

ಸೀಟು ಸಿಕ್ಕರೆ ಸಾಲದು, ಫೀಸಿಗೆ ಸಹಾಯಧನ ಸಿಗಬೇಕು. ಹೊರದೇಶದ ಮಕ್ಕಳಲ್ಲಿ ಅದನ್ನು ಕೊಡುವುದೇ ಕೆಲವರಿಗೆ. ಮನೆಯಲ್ಲಿ ದುಡಿಯುವ ಪ್ರತಿಯೊಬ್ಬರ ಸಂಬಳದ ಪತ್ರವೂ, ಮನೆಯ ಸ್ಥಿತಿ ತಿಳಿಸುವ ಒಂದು ಬರಹವೂ ಶುಕ್ರವಾರದೊಳಗೆ ಬೇಕೆಂದು ಅಲ್ಲಿಯ ಕಚೇರಿ ಕೇಳಿತ್ತು.

ಪುಟ್ಟಿ ತನ್ನ ಬರಹವನ್ನು ಅಕ್ಕನಿಗೆ ಓದಲು ಕೊಟ್ಟಳು. ಅದರಲ್ಲಿ ಒಂದು ಸಾಲು ಹೀಗಿತ್ತು: "ನನ್ನ ಅಕ್ಕ ಓದಿನಲ್ಲಿ ಆಸಕ್ತಿ ಇಲ್ಲದ್ದರಿಂದ ಬೇಗ ಕೆಲಸಕ್ಕೆ ಸೇರಿದಳು."

ಹಲ್ಲಕ್ಕ ಹಾಳೆಯನ್ನು ಮಡಿಸಿ ವಾಪಸು ಕೊಟ್ಟಳು. ಅಮ್ಮ ತೀರಿಕೊಂಡ ವರ್ಷ ಅವಳ ಕೈಯಲ್ಲೂ ಕಾಲೇಜಿನ ಸೀಟಿತ್ತು. ಎಂಟು ವರ್ಷದ ಪುಟ್ಟಿಗೆ ತಲೆ ಬಾಚಿ ಶಾಲೆಗೆ ಕಳಿಸುವವರು ಬೇರೆ ಯಾರೂ ಇರಲಿಲ್ಲ.

ಸೋಮವಾರ ಲ್ಯಾಬಿನ ಯಜಮಾನರು ಪತ್ರಕ್ಕೆ ಸಹಿ ಹಾಕಿ ಕೊಟ್ಟರು. ಅವಳು ಅದನ್ನು ತನ್ನ ಮೇಜಿನ ಡ್ರಾಯರಿಗೆ ಹಾಕಿದಳು. ಸಂಜೆ ಪುಟ್ಟಿ ಕೇಳಿದಾಗ, "ಯಜಮಾನ್ರು ಊರಲ್ಲಿಲ್ಲ ಕಣೆ" ಎಂದಳು. ಮಂಗಳವಾರವೂ ಅದೇ, ಬುಧವಾರವೂ ಅದೇ. ತಂಗಿಯ ಮುಖ ಬಾಡುವುದನ್ನು ನೋಡಿದರೆ ಒಂದು ಕಡೆ ಹಿತ, ಇನ್ನೊಂದು ಕಡೆ ತನ್ನ ಮೇಲೆ ತನಗೇ ಹೇಸಿಗೆ.

ಗುರುವಾರ ಮಧ್ಯಾಹ್ನ ಪುಟ್ಟಿ ಲ್ಯಾಬಿಗೇ ಬಂದಳು. ಪಾಲಿಶ್ ಯಂತ್ರದ ಧೂಳಿನ ನಡುವೆ ಯಜಮಾನರು ತಲೆ ಎತ್ತಿದರು.

"ಪತ್ರನಾ? ಸೋಮವಾರವೇ ಕೊಟ್ಟೆನಲ್ಲಮ್ಮ."

ಪುಟ್ಟಿ ಅಕ್ಕನ ಮೇಜಿನ ಬಳಿ ಬಂದು ನಿಂತಳು. ಕೂಗಾಡಲಿಲ್ಲ.

"ಯಾಕಕ್ಕ?"

"ನಂಗೆ ಓದಿನಲ್ಲಿ ಆಸಕ್ತಿ ಇರಲಿಲ್ವಾ?" ಹಲ್ಲಕ್ಕ ಮೇಣದಿಂದ ಕಣ್ಣು ಎತ್ತಲಿಲ್ಲ. "ಯಾರು ಹೇಳಿದ್ದು ನಿಂಗೆ?"

"ಅಪ್ಪ. ಅಕ್ಕಂಗೆ ಓದು ಹತ್ತಲಿಲ್ಲ, ಕೇಳಬೇಡ, ಬೇಜಾರು ಮಾಡ್ಕೋತಾಳೆ ಅಂದಿದ್ರು."

ಹಲ್ಲಕ್ಕ ಕೈಯಲ್ಲಿದ್ದ ಹಲ್ಲನ್ನು ಕೆಳಗಿಟ್ಟಳು. ಅಪ್ಪ ತಮ್ಮ ಮಾನ ಉಳಿಸಿಕೊಳ್ಳಲು ಹೇಳಿದ ಸುಳ್ಳನ್ನು ಈ ಹುಡುಗಿ ಇಷ್ಟು ವರ್ಷ ನಿಜವೆಂದೇ ನಂಬಿದ್ದಳು.

"ನಂಗೆ ನಿನ್ನ ಕಂಡ್ರೆ ಹೊಟ್ಟೆ ಉರಿಯುತ್ತೆ ಪುಟ್ಟಿ," ಎಂದಳು. "ಸುಳ್ಳು ಯಾಕೆ ಹೇಳ್ಲಿ."

"ಗೊತ್ತು. ಸೀಟು ಸಿಕ್ಕ ದಿನದಿಂದ ನೀನು ನನ್ನ ಮುಖ ನೋಡಿ ಮಾತಾಡಿಲ್ಲ."

ಹಲ್ಲಕ್ಕ ಡ್ರಾಯರ್ ಎಳೆದು ಪತ್ರ ಕೊಟ್ಟಳು. ಪುಟ್ಟಿ ಅಲ್ಲೇ ಸ್ಟೂಲಿನ ಮೇಲೆ ಕೂತು ಆ ಸಾಲು ಹೊಡೆದುಹಾಕಿ, "ನಿಜಕ್ಕೂ ಏನಾಯ್ತು ಹೇಳು" ಎಂದಳು. ಅಕ್ಕ ಹೇಳುತ್ತ ಹೋದಳು, ತಂಗಿ ಬರೆಯುತ್ತ ಹೋದಳು. ಅವತ್ತು ಒಂದು ಸೆಟ್ ಹಲ್ಲು ಅರ್ಧಕ್ಕೇ ಉಳಿಯಿತು. ಯಜಮಾನರು ಅದನ್ನು ಕಂಡೂ ತಮ್ಮ ಪಾಲಿಶ್ ಕೆಲಸ ಮುಂದುವರಿಸಿದರು.

ಐದು ವಾರಕ್ಕೆ ಉತ್ತರ ಬಂತು. ಪೂರ್ತಿ ಫೀಸು, ಹಾಸ್ಟೆಲಿನ ಅರ್ಧ ಖರ್ಚು ಅವರದೇ. ಅಪ್ಪ ಮತ್ತೆ ಓಣಿಗೆ ಹೊರಟವರು ಹಿರಿಮಗಳ ಮುಖ ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. "ಹೋಗಿ ಹೇಳಿ ಬನ್ನಿ," ಎಂದಳು ಅವಳು. "ಈ ಸಲ ನನ್ನ ವಿಷಯಾನೂ ಸರಿಯಾಗಿ ಹೇಳಿ."

ಹೊಟ್ಟೆಕಿಚ್ಚು ಅಲ್ಲಿಗೇ ಆರಿತು ಎಂದರೆ ಸುಳ್ಳಾಗುತ್ತದೆ. ವಿಮಾನ ಹತ್ತಿದ ಹತ್ತನೇ ದಿನ ಪುಟ್ಟಿ ಫೋನಿನಲ್ಲಿ ಅತ್ತಳು. ಚಳಿ ತಡೆಯೋಕಾಗಲ್ಲ, ಪಾಠ ತಲೆಗೆ ಹೋಗಲ್ಲ, ಮಾತಾಡಿಸುವವರಿಲ್ಲ. ಕೇಳುತ್ತ ಹಲ್ಲಕ್ಕನಿಗೆ ಒಂದು ಗಳಿಗೆ ಸಮಾಧಾನವೇ ಆಯಿತು. ಮರುಗಳಿಗೆ ನಾಚಿಕೆಯಾಗಿ, "ಎರಡು ಜೊತೆ ಸಾಕ್ಸ್ ಹಾಕ್ಕೋ," ಎಂದಳು. "ಆಮೇಲೆ ಆ ಪಾಠ ಏನು ಅಂತ ನಂಗೂ ಹೇಳು, ಇಬ್ರೂ ಸೇರಿ ನೋಡೋಣ."