ನಿಮ್ಮ ಅಮ್ಮನ ಎಡ ಮಂಡಿ

ಮಕ್ಕಳೇ, ಮೊನ್ನೆ ಊಟಕ್ಕೆ ಕುಳಿತಾಗ ನೀವಿಬ್ಬರೂ ನಿಮ್ಮ ಅಮ್ಮನನ್ನು ರೇಗಿಸಿದಿರಿ. "ಡಾಕ್ಟ್ರ ಮಾತು ಕೇಳ್ದೆ ಓಡಿ ಮಂಡಿ ಹಾಳು ಮಾಡ್ಕೊಂಡೋಳು ನಮಗೆ ಬುದ್ಧಿ ಹೇಳ್ತಾಳೆ" ಎಂದಿರಿ. ಅವಳು ನಕ್ಕು ಸಾರು ಬಡಿಸಿದಳು. ನಾನು ತಲೆ ಎತ್ತಲಿಲ್ಲ. ಎದುರಿಗೆ ಕುಳಿತು ಹೇಳಲು ನಿಮ್ಮ ಅಜ್ಜಿಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅವಳು ಡಾಕ್ಟರ ಮಾತು ಮೀರಿ ಓಡಿದವಳಲ್ಲ.

ಆಗ ನಾವು ಕಾಡಿನಂಚಿನ ಹಂಗಳದಲ್ಲಿದ್ದೆವು. ನಿಮ್ಮ ತಾತ ತೀರಿಕೊಂಡು ಎರಡು ವರ್ಷವಾಗಿತ್ತು. ಅವಳು ಗುಂಡ್ಲುಪೇಟೆಯಲ್ಲಿ ಪಿಯುಸಿ ಓದುತ್ತಿದ್ದಳು. ಆನೆ ಭಯಕ್ಕೆ ಚೆನ್ನಾಗಿ ಬೆಳಕು ಹರಿಯುವವರೆಗೆ ಕಾದು, ಊಟಿ ರಸ್ತೆಯ ಅಂಚಿನಲ್ಲಿ ಗುಂಡ್ಲುಪೇಟೆ ಮುಟ್ಟಿ ಓಡಿ ಬರುತ್ತಿದ್ದಳು. ಚೆಂಡುಹೂವಿನ ಹೊಲದಲ್ಲಿ ನನ್ನ ಜೊತೆ ಹೂ ಬಿಡಿಸುವವರು, "ನಿನ್ ಮಗ್ಳ ಯಾರವ್ವ ಅಟ್ಟುಸ್ಕೊಂಡ್ ಬತ್ತಾವ್ರೆ?" ಎಂದು ನಗುತ್ತಿದ್ದರು. ನನಗೆ ನಾಚಿಕೆಯೂ ಆಗುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು.

ಜಿಲ್ಲೆಗೇ ಮೊದಲು ಬಂದು ರಾಜ್ಯಮಟ್ಟದ ಐದು ಸಾವಿರ ಮೀಟರ್ ಓಟಕ್ಕೆ ಆಯ್ಕೆಯಾದಳು. ಆ ತಿಂಗಳಲ್ಲೇ ಎಡ ಮಂಡಿ ಹಿಡಿಯಿತು. ಚಿಪ್ಪಿನ ಕೆಳಗೆ ನೋವು. ವಾರ ಸುಮ್ಮನಿದ್ದರೆ ಹೋಗುವುದು, ಎರಡು ದಿನ ಓಡಿದರೆ ಮತ್ತೆ ಬರುವುದು. ಕಾಲೇಜಿನ ಪಿ.ಟಿ. ಮೇಷ್ಟ್ರು ನಮ್ಮನ್ನು ಚಾಮರಾಜನಗರದ ಮೂಳೆ ಡಾಕ್ಟರ ಬಳಿ ಕರೆದುಕೊಂಡು ಹೋದರು. "ಮೂರು ತಿಂಗಳು ಓಟ ಬೇಡ, ಮೆಟ್ಟಿಲು ಬೇಡ, ಇಳಿಜಾರಂತೂ ಬೇಡವೇ ಬೇಡ. ವ್ಯಾಯಾಮ ತಪ್ಪಿಸದಿದ್ರೆ ರಾಜ್ಯಮಟ್ಟಕ್ಕೆ ಓಡ್ತೀಯ" ಎಂದರು ಡಾಕ್ಟರು.

ಅವಳು ಒಂದು ದಿನವೂ ತಪ್ಪಿಸಲಿಲ್ಲ. ಗುಂಡ್ಲುಪೇಟೆಯ ಮಲಯಾಳಿ ಬೇಕರಿಯವರು "ಇನ್ನೂ ವಾಸಿ ಆಗಿಲ್ವಾ ಮೋಳೆ?" ಎಂದು, ತಮ್ಮ ಮಾತಿನಲ್ಲಿ ಮಗಳೇ ಎಂದು ಕರೆದು, ಐಸು ಕೊಡುತ್ತಿದ್ದರು. ಊರು ಸೇರುವಷ್ಟರಲ್ಲಿ ಕರಗೀತೆಂದು ಬಸ್ಸಿನಲ್ಲೇ ಮಂಡಿಗೆ ಒತ್ತಿಕೊಂಡು ಒದ್ದೆ ಬಟ್ಟೆಯಲ್ಲಿ ಇಳಿಯುತ್ತಿದ್ದಳು. ಸಂಜೆ ಚಾಪೆಯ ಮೇಲೆ ಮಲಗಿ, ಕಾಲಿಗೆ ಒಂದು ಸೇರು ಹುರುಳಿಯ ಚೀಲ ಕಟ್ಟಿಕೊಂಡು, ಕಾಲನ್ನು ನೆಟ್ಟಗೆ ಎತ್ತಿ ಹಿಡಿಯಬೇಕು. ಹತ್ತು ಎಣಿಸುವುದು ನನ್ನ ಕೆಲಸ. ಅವಳ ತೊಡೆ ನಡುಗುವುದನ್ನು ನೋಡಲಾರದೆ ಬೇಗ ಎಣಿಸಿಬಿಡುತ್ತಿದ್ದೆ.

"ಅವ್ವ, ಎಂಟ್ನೇದು ಎಲ್ಲೋಯ್ತು? ಮೊದ್ಲಿಂದ ಎಣ್ಸು" ಎನ್ನುತ್ತಿದ್ದಳು.

ಎರಡನೇ ತಿಂಗಳು ಮುಗಿಯುವ ಹೊತ್ತಿಗೆ ನೋವು ನಿಂತಿತು. ನೋವು ನಿಂತರೆ ಅವಳನ್ನು ತಾಳಬೆಟ್ಟದಿಂದ ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಕರೆತರುತ್ತೇನೆಂದು ನಾನು ಮೊದಲ ವಾರವೇ ಹರಕೆ ಹೊತ್ತಿದ್ದೆ. ನನ್ನ ಓರಗಿತ್ತಿಗೆ ಅದು ಗೊತ್ತಿತ್ತು. "ವಾಸಿ ಮಾಡ್ದ ದೇವ್ರ ಕಾಯಿಸ್ಬ್ಯಾಡ ಕಣವ್ವ. ನಿನ್ ಗಂಡ ಕಾಯ್ಸಿದ್ದು ಏನಾಯ್ತು?" ಎಂದಳು. ನಿಮ್ಮ ತಾತ ತಮ್ಮ ಹರಕೆಯನ್ನು ಮುಂದಿನ ವರ್ಷ, ಮುಂದಿನ ವರ್ಷ ಎಂದು ತಳ್ಳುತ್ತಲೇ ಹೋಗಿಬಿಟ್ಟಿದ್ದರು. ಅಂದು ರಾತ್ರಿಯೇ ಬೆಟ್ಟಕ್ಕೆ ಹೋಗೋಣವೆಂದು ಮಗಳಿಗೆ ಹೇಳಿದೆ.

"ಡಾಕ್ಟ್ರು ಇಳಿಜಾರು ಬ್ಯಾಡ ಅಂದವ್ರೆ ಕಣವ್ವ. ಇನ್ನೊಂದ್ ತಿಂಗ್ಳು ತಡ್ಕೊ" ಎಂದಳು ನಿಮ್ಮ ಅಮ್ಮ.

"ಓಡೋದು ಬ್ಯಾಡ ಕಣಮ್ಮಿ, ನಿಧಾನಕ್ಕೆ ನಡ್ಯನ."

ನನ್ನ ಮುಖ ನೋಡಿದಳು. "ಆಯ್ತು, ಓಗನ ಬುಡು."

ಏರುವಾಗ ಏನೂ ಆಗಲಿಲ್ಲ. ನನ್ನ ಚೀಲವನ್ನೂ ಹೊತ್ತು ಮುಂದೆ ಮುಂದೆ ನಡೆದಳು. ದಾರಿ ನಡುವೆ ಒಂದು ಕಡೆ ಉದ್ದಕ್ಕೆ ಇಳಿಜಾರು ಬಂತು. ಅಲ್ಲಿ ಅವಳು ಅಡ್ಡಡ್ಡ ತಿರುಗಿ, ಕಲ್ಲು ಹಿಡಿದು ಇಳಿಯತೊಡಗಿದಳು. ಅದನ್ನು ನಾನು ನೋಡಿದೆ. ನೋಡಿಯೂ ನಿಲ್ಲು ಎನ್ನಲಿಲ್ಲ. "ಉಘೇ ಮಾದಪ್ಪ" ಎಂದು ಇನ್ನೂ ಗಟ್ಟಿಯಾಗಿ ಕೂಗಿದೆ. ದೇವಸ್ಥಾನ ಸೇರುವ ಹೊತ್ತಿಗೆ ಅವಳ ಮಂಡಿ ರಾಗಿಮುದ್ದೆಯ ಹಾಗೆ ಊದಿತ್ತು.

ಮತ್ತೆ ಚಾಮರಾಜನಗರ. ಮೇಷ್ಟ್ರೂ ಬಂದಿದ್ದರು. ಡಾಕ್ಟರು ಮಂಡಿ ಒತ್ತಿ ನೋಡಿ, "ಓಡಿದ್ಯಾ?" ಎಂದರು. ಅವಳು ಬಾಗಿಲ ಕಡೆ ನೋಡಿದಳು. ನಾನು ಬಾಗಿಲ ಬಳಿ ಸೆರಗು ಹಿಡಿದು ನಿಂತಿದ್ದೆ. ಓದಿದವರ ಮುಂದೆ ಹರಕೆಯ ಮಾತು ಹೇಗೆ ಎತ್ತುವುದು?

"ನಿಜ ಹೇಳು."

"ಓಡ್ದೆ ಸಾರ್" ಎಂದಳು.

ಡಾಕ್ಟರು ಬೈದರು. ಮೇಷ್ಟ್ರು ಬೈಯಲೂ ಇಲ್ಲ. "ಹೇಳಿದ ಮಾತು ಕೇಳದವಳನ್ನ ನಂಬಿ ಎಷ್ಟು ದಿನ ಕಾಯ್ಲಿ?" ಎಂದಷ್ಟೇ ಹೇಳಿ ಹೊರಗೆ ಹೋದರು. ಮತ್ತೆ ಅವಳನ್ನು ಮೈದಾನಕ್ಕೆ ಕರೆಯಲಿಲ್ಲ.

ಬಸ್ಸಿನಲ್ಲಿ ಕೇಳಿದೆ, "ಯಾಕಮ್ಮಿ ಅಂಗಂದೆ?"

"ನಿನ್ನ ಬೈದಿದ್ರೆ ನೀ ಒಂದ್ ವಾರ ಊಟ ಬುಡ್ತಿದ್ದೆ. ನಂಗೇನು, ಮೇಷ್ಟ್ರ ಬೈಗ್ಳ ದಿನಾ ಇದ್ದುದ್ದೇ" ಎಂದು ನಕ್ಕಳು. ಆಮೇಲೆ ಕಿಟಕಿ ಕಡೆ ತಿರುಗಿದವಳು ಗುಂಡ್ಲುಪೇಟೆ ಬರುವವರೆಗೆ ನನ್ನ ಕಡೆ ತಿರುಗಲಿಲ್ಲ.

ಹುರುಳಿ ಚೀಲ ಮತ್ತೆ ಕಟ್ಟಿದೆವು. ಈ ಸಲ ನಾನು ಒಂದು ಅಂಕಿಯನ್ನೂ ನುಂಗಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ನಡಿಗೆ ಸರಿಹೋಯಿತು, ಓಟ ಬರಲಿಲ್ಲ. ಎರಡು ಮೈಲಿ ಕಳೆದರೆ ಅದೇ ಜಾಗದಲ್ಲಿ ನೋವು. ಮೇಷ್ಟ್ರಿಗೆ ನಿಜ ಹೇಳೋಣವೆಂದು ಅವರ ಮನೆಯ ಗೇಟಿನವರೆಗೆ ಎರಡು ಸಲ ಹೋಗಿದ್ದೆ. ಎರಡು ಸಲವೂ ಹಾಗೇ ಹಿಂದಿರುಗಿದೆ. ಹೇಳಿದ್ದರೆ ಮಂಡಿ ವಾಸಿಯಾಗುತ್ತಿರಲಿಲ್ಲ, ನಿಜ. ಮಾತು ಕೇಳದವಳು ಎಂಬ ಹೆಸರಾದರೂ ಹೋಗುತ್ತಿತ್ತು.

ಇದನ್ನು ನಿಮ್ಮ ಅಮ್ಮನ ಮುಂದೆ ಓದಬೇಡಿ ಎಂದು ಕೊನೆಯಲ್ಲಿ ಬರೆಯಬೇಕೆಂದಿದ್ದೆ. ಬೇಡ, ಅವಳ ಮುಂದೆಯೇ ಓದಿ, ಗಟ್ಟಿಯಾಗಿ ಓದಿ. ನಾನು ಅಡುಗೆಮನೆಯಲ್ಲಿರುತ್ತೇನೆ.