ಸೀತನಿ ತಿನ್ನಿಸಿ ಕಲಿಸಿದ ಇಂಗ್ಲಿಷು

ಆಗ ನಿಂಬರ್ಗಾದ ನಮ್ಮ ಓಣಿಯಲ್ಲಿ ಇಂಗ್ಲಿಷು ಬಲ್ಲವರೆಂದರೆ ಸಾಲಿಯ ಮಾಸ್ತರರು, ಬಿಟ್ಟರೆ ಏಳನೆಯ ಇಯತ್ತೆ ಓದುತ್ತಿದ್ದ ನಮ್ಮ ಸುಶೀಲಕ್ಕ. ನಾನು ಮೂರನೆಯದರಲ್ಲಿದ್ದೆ.

ಆ ವರ್ಷ ತೊಗರಿ ಕೊಯ್ಲಿಗೆ ಸರಿಯಾಗಿ ಅವ್ವನಿಗೆ ಜ್ವರ ಬಂತು. ಅಪ್ಪ ಅಕ್ಕನನ್ನು ಸಾಲಿ ಬಿಡಿಸಿ ಕುಡುಗೋಲು ಕೊಟ್ಟ. ಪರೀಕ್ಷೆಗೆ ಕೂರದಿದ್ದರೆ ಅವಳ ಓದು ಅಲ್ಲಿಗೇ ಮುಗಿದಂತೆ. ಅಕ್ಕ ಅಳಲಿಲ್ಲ. ಮಧ್ಯಾಹ್ನ ಹೊಲದಲ್ಲೇ ಕುಳ್ಳಿನ ಕೆಂಡ ಮಾಡಿ ಎಳೆ ಜೋಳದ ತೆನೆ ಸುಡುತ್ತಿದ್ದಳು. ಬಿಸಿ ಸೀತನಿ ಅಂಗೈಯಲ್ಲಿ ತಿಕ್ಕಿ, ಊದಿ, ಖಾರದ ಅಗಸಿ ಹಿಂಡಿ ಹಚ್ಚಿಕೊಂಡು ತಿಂದರೆ, ಆಹಾ! ಓಣಿಯ ಹುಡುಗರೆಲ್ಲ ಓಡಿ ಬರುತ್ತಿದ್ದೆವು. ಆದರೆ ಅಕ್ಕ ಪುಕ್ಕಟೆ ಕೊಡುವವಳಲ್ಲ.

“ನಿಂಗ್ಯಾ, ಲಗೂ ಬಂದೀ. ಇಂಗ್ಲಿಷಿನ್ಯಾಗ ಹೇಳಲೇ.”

“ಐ ಕೇಮ್ ಅರ್ಲಿ.”

“ರತ್ನಿಗಿಂತ ಲಗೂ ಬಂದೀ ಅಂದ್ರ?”

“ಅರ್ಲಿಯರ್! ನಾ ದಿನಾ ಅಕಿಗಿಂತ ಅರ್ಲಿಯರ್!”

“ನೀ ಅಲ್ಲಲೇ, ನಿನ್ನ ಹೊಟ್ಟಿ ಅರ್ಲಿಯರ್!” ಎಂದೆ ನಾನು. ರತ್ನಿ ಅಂದರೆ ನಾನೇ.

“ಜಗಳ ಸಾಕು. ಒಬ್ಬರದೇ ಮಾತಿದ್ರ ಅರ್ಲಿ. ಇನ್ನೊಬ್ಬರ ಜೋಡಿ ಹಚ್ಚಿ ನೋಡಿದ್ರ ಅರ್ಲಿಯರ್. ತಿನ್ರಿನ್ನ,” ಎಂದಳು ಅಕ್ಕ.

ಜೋಳದ ಮರೆಯಲ್ಲಿ ಯಾರೋ ಕೆಮ್ಮಿದರು. ನೋಡಿದರೆ ಮಾಸ್ತರರು! ಉರಿಬಿಸಿಲಲ್ಲಿ ಅಷ್ಟು ದೂರ ನಡೆದು ಬಂದಿದ್ದರು. ಅಕ್ಕನಿಗೆ ಏನೂ ಅನ್ನದೆ ಆಚೆ ತೊಗರಿ ಕೊಯ್ಯುತ್ತಿದ್ದ ಅಪ್ಪನ ಮುಂದೆ ನೇರ ಹೋಗಿ ಕೈಮುಗಿದರು.

“ನಾ ಹೇಳಿದ್ದು ಈ ಹುಡುಗರ ತೆಲಿಗಿ ಹತ್ತಿದ್ದಿಲ್ಲರಿ. ನಿಮ್ಮ ಮಗಳು ಕಲಿಸ್ಯಾಳ. ಅಕಿನ್ನ ಪರೀಕ್ಷಾಕ್ಕ ಕಳಸ್ರಿ.”

ಅಪ್ಪ ನೆಲ ನೋಡಿದ. “ಕೊಯ್ಲಿಗಿ ಯಾರ್ ಬರ್ತಾರ್ರಿ?”

“ನಾ ಬರ್ತೇನಿ!” ಎಂದುಬಿಟ್ಟೆ.

“ನೀ ತೊಗರಿ ಗಿಡಕ್ಕಿಂತ ಗಿಡ್ಡ ಅದೀ ಬೇ,” ಎಂದು ಅಪ್ಪ ನಕ್ಕ. ನಗುತ್ತಲೇ ಅಕ್ಕನ ಪಕ್ಕದಲ್ಲಿದ್ದ ಕುಡುಗೋಲು ತೆಗೆದುಕೊಂಡ.

ಮರುದಿನದಿಂದ ಅಕ್ಕ ಸಾಲಿಗೆ, ನಾನು ಕೊಯ್ದ ತೊಗರಿಯ ಸಿವುಡು ಹೊರಲು ಹೊಲಕ್ಕೆ. ನಾನು ಮತ್ತೆ ಸಾಲಿಯ ಕಡೆ ತಿರುಗಲಿಲ್ಲ. ಅಕ್ಕ ಮಾತ್ರ ಓದಿ ಓದಿ ಇಜೇರಿಯಲ್ಲಿ ಟೀಚರಾದಳು. ನಮ್ಮ ಮನೆತನಕ್ಕೇ ಮೊದಲ ಟೀಚರು!

ಮೊನ್ನೆ ಮೊಮ್ಮಗಳು, “ಆಯಿ, ಇಲ್ಲಿ ಲೇಟ್ ಬರೀಲ್ಯೋ, ಲೇಟರ್ ಬರೀಲ್ಯೋ?” ಎಂದಳು. “ಎದಕ್ಕಿಂತ ತಡ ಅಂತ ಹೇಳ್ಯಾರೇನು ನೋಡು,” ಎಂದೆ. ಅವಳ ಉತ್ತರ ಸರಿಬಂತು! ನಾನು ಕುಣಿಯುವುದೊಂದು ಬಾಕಿ. ಆಗಲೇ ಅಕ್ಕನಿಗೆ ಫೋನು ಹಚ್ಚಿದೆ. ಇಬ್ಬರೂ ಕಣ್ಣೀರು ಬರುವಷ್ಟು ನಕ್ಕೆವು.

ಈಗ ಸಾಲಿಯ ಬಸ್ಸು ಮನೆ ಬಾಗಿಲಿಗೇ ಬರುತ್ತದೆ. ಆದರೆ ಒಬ್ಬಳು ಹುಡುಗಿಗಾಗಿ ಹೊಲದ ತನಕ ನಡೆದು ಬಂದು, ಮೈಯೆಲ್ಲ ಧೂಳಾದ ಅಪ್ಪನೊಬ್ಬನಿಗೆ ಕೈಮುಗಿಯುವ ಮಾಸ್ತರರನ್ನು ನಾನು ಮತ್ತೆ ಕಂಡಿಲ್ಲ.