ಬೆನ್ನ ಮೇಲೆ ಎಣ್ಣೆಯ ಪಾತಿ

ಕಳೆದ ಬೇಸಿಗೆಯಲ್ಲಿ ನಮ್ಮ ಅತ್ತೆಯ ಸೊಂಟನೋವು ಜಾಸ್ತಿಯಾಯಿತು. ನೆಲದ ಮೇಲೆ ಕೂತರೆ ಏಳಲು ಗೋಡೆ ಹಿಡಿಯಬೇಕು. ಮಾತ್ರೆ ನುಂಗಿದರೆ ಹೊಟ್ಟೆಯಲ್ಲಿ ಉರಿ. ತರೀಕೆರೆಯ ಆಯುರ್ವೇದದ ಡಾಕ್ಟರಮ್ಮ ಎಕ್ಸ್‌ರೇ ನೋಡಿ, "ಕಟಿಬಸ್ತಿ ಮಾಡೋಣ" ಎಂದರು. ಆ ಹೆಸರನ್ನೇ ನಾನು ಕೇಳಿರಲಿಲ್ಲ. ಅದೇನೆಂದು ನೋಡುವ ಆಸೆಯಿಂದ ನಾನೇ ಅತ್ತೆಯ ಜೊತೆ ನಮ್ಮೂರು ಯಗಟಿಯಿಂದ ಬಸ್ಸು ಹತ್ತಿದೆ.

"ಸೂಜಿ ಚುಚ್ತಾರೇನೇ?" ಅತ್ತೆ ದಾರಿಯುದ್ದಕ್ಕೂ ಕೇಳಿದರು.

"ನಂಗೂ ಗೊತ್ತಿಲ್ಲ ಅತ್ತೆ, ನೋಡಾಣ."

ಅಲ್ಲಿ ಅವರನ್ನು ಮರದ ಮಂಚದ ಮೇಲೆ ಬೋರಲು ಮಲಗಿಸಿದರು. ಚಿಕಿತ್ಸೆ ಮಾಡುವ ಹೆಂಗಸು ಉದ್ದಿನ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಉದ್ದಕ್ಕೆ ಹೊಸೆದು, ಸೊಂಟದ ಮೇಲೆ ದುಂಡಗೆ ಕಟ್ಟೆ ಕಟ್ಟಿದರು. ಒದ್ದೆ ಬೆರಳಿನಿಂದ ಅಂಚು ಮೆತ್ತಿ, ಒಳಗೆ ಬೆಚ್ಚಗಿನ ಎಣ್ಣೆ ಹುಯ್ದರು. ತೆಂಗಿನ ಬುಡಕ್ಕೆ ಪಾತಿ ಮಾಡಿ ನೀರು ನಿಲ್ಲಿಸಿದ ಹಾಗಿತ್ತು. ಎಣ್ಣೆ ಆರಿದರೆ ಹತ್ತಿಯಲ್ಲಿ ಹೀರಿ ತೆಗೆದು ಮತ್ತೆ ಬಿಸಿಯದನ್ನು ಹುಯ್ಯುತ್ತಿದ್ದರು.

"ಅಲ್ಲಾಡ್ಬೇಡಿ ಅಜ್ಜಿ, ಕೆಮ್ಮಲೂ ಬೇಡಿ."

ನನಗೆ ತಡೆಯಲಾಗಲಿಲ್ಲ. ಬಗ್ಗಿ ಕೇಳಿದೆ: "ಹೆಂಗನ್ಸುತ್ತೆ ಅತ್ತೆ?"

"ಉಪ್ಪುಮೂಟೆ ಹೊತ್ತ ಕೂಸು ಬೆನ್ನ ಮೇಲೇ ಉಚ್ಚೆ ಹುಯ್ದಂಗೈತೆ ಕಣೇ."

ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಅಷ್ಟರಲ್ಲಿ ಅತ್ತೆ ಆ ಹೆಂಗಸನ್ನು ವಿಚಾರಿಸತೊಡಗಿದರು.

"ಅಲ್ಲ ಕಣವ್ವಾ, ಈ ಹಿಟ್ಟು ಆಮೇಲೆ ಏನ್ಮಾಡ್ತೀರಿ?"

"ಬಿಸಾಕ್ತೀವಿ ಅಜ್ಜಿ."

"ಅಯ್ಯೋ! ಎಷ್ಟೊಂದು ವಡೆ ಆಗೋದು!"

ನನ್ನ ನಗು ಸಿಡಿದೇ ಹೋಯಿತು. ಅದನ್ನು ಕೇಳಿ ಅತ್ತೆಗೂ ನಗು ಬಂತು. ಮೈ ಕುಲುಕಿ ಕಟ್ಟೆ ಒಡೆದು ಎಣ್ಣೆ ಎರಡೂ ಪಕ್ಕಕ್ಕೆ ಹರಿಯಿತು. ಆ ಹೆಂಗಸು ಬಟ್ಟೆ ಹಿಡಿದು ಓಡಿಬಂದರು. ಒರೆಸುತ್ತಾ ಅವರೂ ನಕ್ಕರು. "ನಾಳೆಯಿಂದ ನೀವು ಆಚೆ ಕೂತ್ಕೊಳಿ," ಎಂದು ನನಗೆ ಹೇಳಿದರು.

ಮದುವೆಯಾಗಿ ಇಷ್ಟು ವರ್ಷವಾಗಿದ್ದರೂ ನಾನೂ ಅತ್ತೆಯೂ ಹಾಗೆ ಒಟ್ಟಿಗೆ ನಕ್ಕದ್ದು ನೆನಪಿಲ್ಲ. ಆಮೇಲಿನ ದಿನಗಳಲ್ಲಿ ನಾನು ಬಾಗಿಲಾಚೆ ಬೆಂಚಿನ ಮೇಲೆ ಕೂರುತ್ತಿದ್ದೆ. ಒಳಗಿನಿಂದ ಅತ್ತೆಯ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಎಲ್ಲವನ್ನೂ ಕೇಳಿ ತಿಳಿದುಕೊಳ್ಳುತ್ತಿದ್ದೆ: ಎಣ್ಣೆಗೆ ಯಾವ ಬೇರು ಹಾಕುತ್ತಾರೆ, ಆ ಹೆಂಗಸಿನ ತವರು ಅಜ್ಜಂಪುರವಂತೆ, ಇವತ್ತು ಕಣ್ಣು ಹತ್ತಿತೇ ಇಲ್ಲವೇ.

ಚಿಕಿತ್ಸೆ ಮುಗಿಯುವ ಹೊತ್ತಿಗೆ ಅತ್ತೆ ಆಸರೆಯಿಲ್ಲದೆ ಏಳತೊಡಗಿದರು. ನೋವು ಪೂರ್ತಿ ಹೋಗಿಲ್ಲ. ಬಹಳ ಹೊತ್ತು ಬಗ್ಗಿದರೆ ಈಗಲೂ ಹಿಡಿಯುತ್ತದೆ. ಮನೆಯ ಕುರಿಗಳಿಗೆಂದು ಅತ್ತೆ ನೀರಿನ ಕೊಡ ಹೊರುವುದನ್ನೂ ಡಾಕ್ಟರಮ್ಮ ಬಿಡಿಸಿದ್ದರು. ಹಾಗಾದರೆ ಗುಣವಾದದ್ದು ಎಣ್ಣೆಯಿಂದಲೋ ವಿಶ್ರಾಂತಿಯಿಂದಲೋ ಎಂದು ಡಾಕ್ಟರಮ್ಮನನ್ನೇ ಕೇಳಿದೆ.

"ಎರಡೂ ಇರ್ಬೋದು ಕಣ್ರೀ," ಎಂದರು ಅವರು. ಈಗ ಕುರಿಗಳಿಗೆ ನೀರು ಹೊರುವುದು ನನ್ನ ಗಂಡನ ಕೆಲಸ.